ಕೋಡಿಗಲ್ಲು

ಗುದ್ದಲಿಯ ಕಾವು ನೂರಿಯ ಕೈಗೆ ಕೂರಲೇ ಇಲ್ಲ. ಒಮ್ಮೆ ಮೇಲೆ ಹಿಡಿದ, ಒಮ್ಮೆ ಕೆಳಗೆ ಹಿಡಿದ, ಅಂಗೈಗೆ ಉಗುಳಿಕೊಂಡು ಮತ್ತೆ ಹಿಡಿದ. ಎತ್ತಿ ಹೊಡೆದಾಗಲೆಲ್ಲ ಅದು ಮಣ್ಣಿಗೆ ಇಳಿಯುವ ಬದಲು ಪಕ್ಕಕ್ಕೆ ಹೊರಳುತ್ತಿತ್ತು. ಕಾವಿನಲ್ಲಿ ಎರಡು ಕಡೆ ಮರ ಸವೆದು ತಗ್ಗಾಗಿತ್ತು, ಎರಡೂ ಸಣ್ಣ ಕೈಯ ತಗ್ಗುಗಳು. ನೂರಿಯ ದಪ್ಪ ಬೆರಳುಗಳು ಅಲ್ಲಿಗೆ ಹೋಗಿ ಜಾಗ ಸಾಲದೆ ವಾಪಸು ಬರುತ್ತಿದ್ದವು.

"ಥೂ, ಎಂಥಾ ಗುದ್ದಲಿ ಇದು!"

"ಗುದ್ದಲೀನ ಬೈಬೇಡ. ಅದು ನಿಮ್ಮತ್ತೇದು," ಎಂದ ಬೆಲ್ಗಾಸೆಮ್, ಅರ್ಧ ತೋಡಿದ ಗೋರಿಯ ಅಂಚಿನಲ್ಲಿ ಕೂತು. "ಇಡೀ ಊರಲ್ಲಿ ಬಾಯಿ ಇರೋ ಗುದ್ದಲಿ ಅಂದ್ರೆ ಇದೊಂದೇ. ನೀನು ತಂದಿದ್ಯಲ್ಲ, ಅದ್ರಲ್ಲಿ ರೊಟ್ಟಿ ಮಗುಚಬೋದು."

ನೂರಿ ಮತ್ತೆ ಗುದ್ದಲಿ ಎತ್ತಿದ. ಬೆಲ್ಗಾಸೆಮ್ ಊರಿಗೆಲ್ಲ ಕಲ್ಲುಗೋಡೆ ಕಟ್ಟಿಕೊಟ್ಟ ಮುದುಕ. ಅವನ ಜೊತೆ ಮಾತಿಗೆ ಮಾತು ಬೆಳೆಸಿ ಗೆದ್ದವರನ್ನು ಈ ಬೆಟ್ಟದಲ್ಲಿ ಯಾರೂ ಕಂಡಿಲ್ಲ. ಅದೂ ಅಲ್ಲದೆ ಸತ್ತ ಖಮೀಸಾಳನ್ನು ಬೆಟ್ಟದ ಮೇಲಿನ ಹಳ್ಳದ ತಲೆಯಿಂದ ಕೆಳಗೆ ತಂದವನೂ ಅವನೇ. ಬೆಳಗಾಗುವ ಹೊತ್ತಿಗೆ ಖಮೀಸಾಳ ಕತ್ತೆ ಬರಿ ಬೆನ್ನಿನಲ್ಲಿ ಊರಿಗೆ ಇಳಿದು ಬಂದು, ಅವಳ ಅಣ್ಣ, ಅಂದರೆ ನೂರಿಯ ಅಪ್ಪ ದಾವ್‌ನ ಮನೆಯ ಮುಂದೆ ನಿಂತು ಅರಚಿತ್ತು. ಬೆಲ್ಗಾಸೆಮ್ ಮೇಲೆ ಹತ್ತಿ ಹೋಗಿ ನೋಡಿದರೆ ಖಮೀಸಾ ಅಂಜೂರದ ಮರಕ್ಕೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಗುದ್ದಲಿ ಇತ್ತು. ಅವನು ಅವಳನ್ನು ಅವಳದೇ ಕತ್ತೆಯ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಹಳ್ಳದ ಬಾಯಲ್ಲಿ ಕಾಯುತ್ತಿದ್ದ ನೂರಿಯ ಗಾಡಿಯವರೆಗೆ ತಂದಿದ್ದ. ನೂರಿ ಸ್ವಂತ ಸೋದರತ್ತೆಯನ್ನು ತರಲಿಕ್ಕೂ ಮೇಲೆ ಹತ್ತಿರಲಿಲ್ಲ.

ಗಾಳಿ ತಿರುಗಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಗಾಬೆಸ್ ಪಟ್ಟಣದ ಕಡೆ, ಸಮುದ್ರದ ಮೇಲೆ, ಆಕಾಶ ಕಪ್ಪಾಗಿತ್ತು.

"ಬರತ್ತೆ ಅಂತೀಯಾ ಚಿಕ್ಕಪ್ಪ?"

"ಬರತ್ತೆ. ಮಧ್ಯಾಹ್ನದ ನಮಾಜು ಕಳೀಲಿ, ನೋಡ್ಕೋ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಹೆಂಗಸರು ಮನೆ ಮನೆಯಲ್ಲಿ ಜಯಕಾರ ಹಾಕುತ್ತಿದ್ದರು. ಈ ಬೆಟ್ಟಗಳಲ್ಲಿ ಸರಿಯಾದ ಮಳೆ ಬಿದ್ದು ಎಷ್ಟೋ ವರ್ಷವಾಗಿತ್ತು. ಆದರೆ ನೂರಿಯ ಮುಖ ಬಿಳಿಚಿಕೊಂಡಿತು. ಹಳ್ಳದ ಬಾಯಲ್ಲಿ, ನೀರು ಕಾಣದ ಮರಳಿನ ಮೇಲೆ, ಜಾಗ ಸಮವಾಗಿದೆ ರಸ್ತೆ ಹತ್ತಿರವಿದೆ ಎಂದು ಅವನು ಹೊಸ ಮನೆ ಕಟ್ಟಿಸಿದ್ದ. ಕೆಳಗೆ ಅಂಗಡಿ, ಮೇಲೆ ಸಂಸಾರ. ಕಟ್ಟಿಸುವಾಗ ಹಿರಿಯರು ಬೇಡ ಎಂದಿದ್ದರು. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಹಳ್ಳದ ತಲೇಲಿ ಅತ್ತೆ ಕಟ್ಟಿರೋ ಒಡ್ಡು ನಿಲ್ಲತ್ತಾ?" ಎಂದ. ದನಿ ಇಳಿದಿತ್ತು. "ನಿಜ ಹೇಳು. ಒಬ್ಬ ಹೆಂಗ್ಸು, ಒಂದು ಕತ್ತೆ. ಅದು ಒಡೀತು ಅಂದ್ರೆ ಅಷ್ಟೂ ನೀರು ಒಟ್ಟಿಗೆ ಬಂದು ನನ್ನ ಮನೆ ಮೇಲೆ ಕೂರತ್ತೆ."

"ಹತ್ತಿ ನೋಡಿದೀಯಾ?"

"ಇಲ್ಲ."

"ನಾನು ಹೇಳಿದ್ರೆ ನಂಬ್ತೀಯಾ?"

ನೂರಿ ಕಪ್ಪು ಆಕಾಶವನ್ನು ಮತ್ತೊಮ್ಮೆ ನೋಡಿದ. "ಮಳೆಗೆ ಮುಂಚೆ ಕಡಿದು ಬಿಡ್ಬೇಕು. ನೀರು ಸರಾಗವಾಗಿ ಹೋಗ್ಲಿ. ಈಗ ಅದು ಅಪ್ಪಂಗೇ ಸೇರಿದ್ದಲ್ವಾ? ಅಪ್ಪನ್ನ ಕೇಳ್ತೀನಿ."

"ಮೊದ್ಲು ಗೋರಿ ತೋಡು," ಎಂದ ಬೆಲ್ಗಾಸೆಮ್. "ಅವಳ ಒಡ್ಡು ಕಡಿಯೋಕೆ ಅವಳನ್ನ ಮಣ್ಣಿಗೆ ಇಟ್ಟ ಮೇಲಾದ್ರೂ ಹೋಗೋಣ."

*

ಖಮೀಸಾಳ ತಂದೆ ಸತ್ತ ವರ್ಷ, ನೆಲದೊಳಗೆ ಕೊರೆದ ಅವರ ಹಳೆಯ ಮನೆಯ ಅಂಗಳದಲ್ಲಿ ಆಸ್ತಿ ಪಾಲಾಯಿತು. ಹೆಣ್ಣುಮಕ್ಕಳು ಪಾಲು ಕೇಳುವ ಪದ್ಧತಿ ಅಲ್ಲಿಲ್ಲ. ಶಾಸ್ತ್ರದಲ್ಲಿ ಇದೆ, ಊರಲ್ಲಿ ಇಲ್ಲ. "ನನ್ನದು ಅಣ್ಣನ ಹತ್ತಿರವೇ ಇರಲಿ" ಎನ್ನುತ್ತಾರೆ, ಅಣ್ಣ ಹಬ್ಬಕ್ಕೊಮ್ಮೆ ಎಣ್ಣೆಯ ಡಬ್ಬ ಕಳಿಸುತ್ತಾನೆ, ಅಲ್ಲಿಗೆ ಮುಗಿಯಿತು. ಖಮೀಸಾ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಮರಿ ಕತ್ತೆಯ ಜೊತೆ ತವರಿಗೆ ಬಂದು ಆಗಿನ್ನೂ ಒಂದು ಚಳಿಗಾಲ ಕಳೆದಿತ್ತು. ಅವಳೂ ಹಾಗೆಯೇ ಹೇಳುತ್ತಾಳೆ ಎಂದು ಎಲ್ಲರೂ ಚಹಾ ಹೀರುತ್ತ ಕೂತಿದ್ದರು.

"ನನ್ನ ಪಾಲು ಕೊಡಣ್ಣ," ಎಂದಳು ಖಮೀಸಾ.

ದಾವ್‌ನ ಕಿವಿ ಕೆಂಪಾಯಿತು. ಕೊಡುವುದಿಲ್ಲ ಎನ್ನುವಂತಿಲ್ಲ, ಇಮಾಮರೇ ಎದುರು ಕೂತಿದ್ದರು. ಅವನು ನಕ್ಕ.

"ಕೊಡ್ದೆ ಇರೋಕಾಗತ್ತಾ? ತಗೋ. ಹಳ್ಳದ ತಲೆ ನಿಂದು."

ಕೂತವರು ತಮ್ಮ ತಮ್ಮ ಲೋಟ ನೋಡಿಕೊಂಡರು. ಈ ಕಡೆ ಹೊಲ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಒಡ್ಡು. ಮಳೆ ಬಂದಾಗ ಒಡ್ಡು ಮಣ್ಣನ್ನೂ ನೀರನ್ನೂ ಹಿಡಿದಿಡುತ್ತದೆ. ಹೆಚ್ಚಾದದ್ದು ಕೋಡಿ ಹರಿದು ಕೆಳಗಿನವನ ಹೊಲಕ್ಕೆ ಇಳಿಯುತ್ತದೆ. ಹಳ್ಳದ ತಲೆಯ ಒಡ್ಡುಗಳನ್ನು ಅಜ್ಜನ ಕಾಲದ ಒಂದು ಪ್ರವಾಹ ಗುಡಿಸಿಕೊಂಡು ಹೋಗಿತ್ತು. ಆಮೇಲೆ ಅಲ್ಲಿ ಇದ್ದದ್ದು ಮುಳ್ಳು, ಬಂಡೆ, ಹಾವು. ಮೇಕೆಗಳೂ ಆ ಕಡೆ ಮುಖ ಹಾಕುತ್ತಿರಲಿಲ್ಲ.

"ಎಲ್ಲಾ ಕೇಳಿಸ್ಕೊಂಡ್ರಲ್ಲ?" ಎಂದಳು ಖಮೀಸಾ, ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿ. "ಹಳ್ಳದ ತಲೆ ನಂದು."

"ನಿಂದೇ. ಕಲ್ಲು ಬೇಯಿಸ್ಕೊಂಡು ತಿನ್ನು," ಎಂದ ದಾವ್.

ಅವಳು ಅಣ್ಣನ ಹೆಂಡತಿಯ ಕಡೆ ತಿರುಗಿದಳು. "ದಹ್ಬೀಯಾ ಅತ್ತಿಗೆ, ಒಂಚೂರು ಉಪ್ಪು ಕೊಡ್ತೀಯಾ? ಕಲ್ಲು ಸಪ್ಪೆ ಇರತ್ತೇನೋ."

ದಹ್ಬೀಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಎಲ್ಲರೆದುರು ನಗೆಪಾಟಲಾದ ಸಿಟ್ಟು ದಾವ್‌ನ ಹೊಟ್ಟೆಯಲ್ಲಿ ಅಂದು ಕೂತದ್ದು ಮತ್ತೆ ಏಳಲಿಲ್ಲ. ಆ ದಿನದಿಂದ ಅವನು ಹಳ್ಳದ ಆ ಕಡೆಗೆ ಕಾಲೇ ಇಡಲಿಲ್ಲ. ತಂಗಿಯ ಪಾಲಿನ ಕೆಳಗೇ ಅಂಟಿಕೊಂಡಿದ್ದ ತನ್ನ ಹೊಲವನ್ನೂ ಹಾಗೇ ಬಿಟ್ಟ.

*

ದಹ್ಬೀಯಾ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಒಳಗೆ ಹೆಂಗಸರು ಹೆಣಕ್ಕೆ ಸುತ್ತಿದ ಕಫನಿನ ಗಂಟು ಕಟ್ಟುತ್ತಿದ್ದರು. ದಾವ್ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೋಲಿಗೆ ಗಲ್ಲ ಊರಿ ಕೂತಿದ್ದ. ಅವನಿಗೆ ಎಂಬತ್ತರ ಹತ್ತಿರ.

"ಆಯ್ತು. ಮುಖ ನೋಡೋದಾದ್ರೆ ಬನ್ನಿ."

ಅವನು ಏಳಲಿಲ್ಲ.

"ಅವಳ ಬಲ ಭುಜ ನೋಡಿದೀರಾ ಯಾವತ್ತಾದ್ರೂ?" ಎಂದಳು ದಹ್ಬೀಯಾ. "ಎಲ್ಲಿ ನೋಡ್ತೀರ. ಮಣ್ಣಿನ ಬುಟ್ಟಿ ಹಗ್ಗ ಕೂತು ಕೂತು ಅಲ್ಲಿ ಗುಣಿ ಬಿದ್ದಿದೆ. ನಾವು ತೊಳೀಬೇಕಾದ್ರೆ ನೀರು ಹಾಕಿದ್ವಲ್ಲ, ಪ್ರತಿ ಸಲಾನೂ ಒಂದು ಗುಟುಕು ಅಲ್ಲೇ ನಿಂತ್ಕೊಳ್ಳೋದು. ಬಟ್ಟೇಲಿ ಒತ್ತಿ ತೆಗೀಬೇಕಾಯ್ತು." ಅವಳು ತನ್ನದೇ ಬಲ ಭುಜ ಮುಟ್ಟಿ ತೋರಿಸಿದಳು. "ನಮ್ಮ ಕೈ ನಿಂತೋಯ್ತು ರೀ. ಹೆಂಗಸಿನ ಮೈನ ಎಷ್ಟೋ ತೊಳೆದಿದೀನಿ, ಇಂಥದ್ದು ನೋಡಿಲ್ಲ."

"ಯಾರು ಹೊರು ಅಂದ್ರು ಅವಳಿಗೆ?"

"ನೀವೇ. ಕಲ್ಲು ತಿನ್ನು ಅಂದಿದ್ದು ಯಾರು?"

ದಾವ್ ಎದ್ದ. ಒಳಗೆ ಹೋಗಿ ತಂಗಿಯ ಮುಖ ನೋಡಿದ, ಬಾಗಿ ಹಣೆಗೆ ಮುತ್ತಿಟ್ಟ. ಅವಳ ಹುಬ್ಬಿನ ಸಂದಿಯಲ್ಲಿ ತೊಳೆದರೂ ಹೋಗದ ಕೆಂಪು ಮಣ್ಣು ಸ್ವಲ್ಪ ಉಳಿದಿತ್ತು. ಅದನ್ನು ಹೆಬ್ಬೆರಳಲ್ಲಿ ಒರೆಸಲು ಹೋಗಿ, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡ.

ನಮಾಜು ಮುಗಿದು ಜನಾಜಾ ಹೊರಟಿತು. ಹೆಂಗಸರು ಬಾಗಿಲವರೆಗೆ ಬಂದು ನಿಂತರು. ಗಂಡಸರು ಹೆಗಲು ಬದಲಿಸುತ್ತ ಬೇಗ ಬೇಗ ನಡೆದರು, ಗಾಳಿ ಎಲ್ಲರ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಹೆಣ ಹಗುರವಾಗಿತ್ತು. ಮಂಚದಲ್ಲಿ ಏನೂ ಇಲ್ಲವೇನೋ ಎಂದು ಹೊತ್ತವರು ಒಮ್ಮೊಮ್ಮೆ ತಲೆ ತಿರುಗಿಸಿ ನೋಡುತ್ತಿದ್ದರು. ಗೋರಿಗೆ ಇಳಿಸಿ, ಚಪ್ಪಡಿ ಮುಚ್ಚಿ, ಮೂರು ಮೂರು ಬೊಗಸೆ ಮಣ್ಣು ಹಾಕಿದ್ದಾಯಿತು. ಮಣ್ಣಿನ ಮೇಲೆ ಮೊದಲ ಹನಿ ಬಿದ್ದಾಗ ಇಮಾಮರು ದುವಾ ಚಿಕ್ಕದು ಮಾಡಿದರು.

ನೂರಿ ಅಪ್ಪನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ಬೆಲ್ಗಾಸೆಮ್ ಕರೆಯದೆಯೇ ಹಿಂದೆ ಬಂದ.

"ಅಪ್ಪ, ಹೊತ್ತಿಲ್ಲ. ಅತ್ತೆ ಒಡ್ಡು ಕಡೀಬೇಕು. ನೀವು ಹೂಂ ಅನ್ಬೇಕು ಅಷ್ಟೆ."

"ಕಡೀರಿ," ಎಂದ ದಾವ್ ತಟ್ಟನೆ. "ಆ ಕೋಡಿಗಲ್ಲಿನ ಮೇಲೆ ನನ್ನ ಕಾಲು ಬಿದ್ದಿಲ್ಲ. ಕೆಳಗಿನವನ ಕಾಲು ಬೀಳದ ಒಡ್ಡು ಒಡ್ಡೇ ಅಲ್ಲ."

ಅದು ಅಲ್ಲಿಯ ಪದ್ಧತಿ. ಹೊಸ ಒಡ್ಡಿಗೆ, ಹೆಚ್ಚಿನ ನೀರು ಮೇಲಿಂದ ಹರಿದು ಹೋಗುವ ಕೋಡಿಗಲ್ಲು ಕೂರಿಸುವ ದಿನ ಮೇಲಿನ ಹೊಲದವರೂ ಕೆಳಗಿನ ಹೊಲದವರೂ ಕಲ್ಲಿನ ಎರಡು ತುದಿಗೆ ಬರಿಗಾಲಿಟ್ಟು ನಿಲ್ಲಬೇಕು. ಹೊಲದ ಮಣ್ಣಿನಿಂದ ಮೊಣಕಾಲೆತ್ತರಕ್ಕೆ ಕಲ್ಲು ಬರಬೇಕು. ನಿಂತರೆ ಎತ್ತರ ಒಪ್ಪಿದಂತೆ. ಕಲ್ಲು ಒಂದು ಗೇಣು ಏರಿದರೆ ಮೇಲಿನವರಿಗೆ ಒಂದು ಗೇಣು ನೀರು ಹೆಚ್ಚು, ಕೆಳಗಿನವರ ಬಾಯಿಗೆ ಮಣ್ಣು.

"ನನ್ನ ನೀರೆಲ್ಲ ಕುಡಿದ್ಲು ಅವಳು," ಎಂದ ದಾವ್. "ಕಲ್ಲನ್ನ ಸೊಂಟದೆತ್ತರಕ್ಕೆ ಇಟ್ಟಿರ್ತಾಳೆ, ನಂಗೊತ್ತಿಲ್ವಾ ಅವಳ ಬುದ್ಧಿ? ನನ್ನ ಆಲಿವ್ ಗಿಡ ಒಣಗಿದ್ದು ಸುಮ್ನೇನಾ?"

"ಸರಿ ಹಾಜಿ," ಎಂದ ಬೆಲ್ಗಾಸೆಮ್. "ಕಡಿಯೋಣ. ಆದ್ರೆ ಮೊದಲ ಏಟು ಯಜಮಾನಂದು. ಈಗ ಯಜಮಾನ ನೀನೇ. ನಡಿ, ಹತ್ತು."

"ನಾನು ಈ ಮಂಡಿ ಇಟ್ಕೊಂಡು?"

"ಅವಳ ಕತ್ತೆ ಇದೆ. ಅದಕ್ಕೆ ದಾರಿ ಗೊತ್ತು. ನಿಂಗೇ ಗೊತ್ತಿಲ್ಲ."

*

ಪಾಲು ಸಿಕ್ಕ ಮೇಲೆ ಖಮೀಸಾ ಮೊದಲು ಮುಳ್ಳು ಕಡಿದಳು. ಒಂದಿಡೀ ಚಳಿಗಾಲ ಹಳ್ಳದ ತಲೆಯಿಂದ ಹೊಗೆ ಏಳುತ್ತಿತ್ತು, ಊರವರು ಕೆಳಗಿಂದ ನೋಡಿ "ಕಲ್ಲು ಬೇಯ್ತಿದೆ" ಎಂದು ನಗುತ್ತಿದ್ದರು. ಆಮೇಲೆ ಕಲ್ಲು ಆರಿಸಿದಳು. ದೊಡ್ಡದು ಒಂದು ಕಡೆ, ನಡುವಿನದು ಒಂದು ಕಡೆ, ಸಂದಿಗೆ ತುರುಕುವ ಚಕ್ಕೆ ಒಂದು ಕಡೆ. ಬಂಡೆಯೊಳಗಿನ ಗುಹೆಯೊಂದನ್ನು ಗುಡಿಸಿ ಅಲ್ಲೇ ಇರತೊಡಗಿದಳು. ಅವಳು ಕಟ್ಟಿದ ಮೊದಲ ಒಡ್ಡನ್ನು ಒಂದು ಸಣ್ಣ ಮಳೆಯೇ ಕೊಚ್ಚಿಕೊಂಡು ಹೋಯಿತು. ಎರಡನೆಯದು ಸ್ವಲ್ಪ ತಡೆದು ಆಮೇಲೆ ಹೋಯಿತು.

ಸುದ್ದಿ ಕೇಳಿ ಬೆಲ್ಗಾಸೆಮ್ ಸುತ್ತಿಗೆ ಹಿಡಿದು ಮೇಲೆ ಹತ್ತಿದ.

"ಸರಿ ಆ ಕಡೆ. ಇದು ಹೆಂಗಸರ ಕೆಲಸ ಅಲ್ಲ."

"ಕಲ್ಲು ಮುಟ್ಟಿದ್ರೆ ನೋಡು," ಎಂದಳು ಖಮೀಸಾ. "ನೀನು ಒಂದು ಕಲ್ಲಿಟ್ರೂ ಊರೋರು ಒಡ್ಡು ಬೆಲ್ಗಾಸೆಮ್ ಕಟ್ಟಿದ್ದು ಅಂತಾರೆ. ಅಲ್ಲಿ ನೆರಳಲ್ಲಿ ಕೂತ್ಕೊ. ತಪ್ಪು ಮಾಡ್ದಾಗ ಬೈ. ಅಷ್ಟು ಉಪಕಾರ ಮಾಡು ಸಾಕು."

ಆದ್ದರಿಂದ ಅವನು ಕೂತು ಬೈದ. ಬಿಡುವಿದ್ದಾಗಲೆಲ್ಲ ಹತ್ತಿ ಬಂದು ಬೈದ.

"ಆ ಕಲ್ಲಿನ ತಲೆ ಒಳಗೆ ಹೋಗ್ಬೇಕು, ಕತ್ತೆ!"

"ಕತ್ತೆ ಅಲ್ಲಿ ಮೇಯ್ತಿದೆ. ನನ್ನ ಹೆಸರು ಖಮೀಸಾ."

"ಖಮೀಸಾ ಅನ್ನೋ ಕತ್ತೆ! ಬಾಗಿಸು ಗೋಡೇನ, ಬಾಗಿಸು! ನೆಟ್ಟಗೆ ನಿಲ್ಸಿದ್ರೆ ನೀರು ಒದ್ದು ಬೀಳಿಸತ್ತೆ ಅಂತ ಎಷ್ಟು ಸಲ ಹೇಳ್ಲಿ?"

ಮೂರನೆಯದು ನಿಂತಿತು. ಅದರ ಹಿಂದೆ ಮೊದಲ ಮಳೆಯ ಕೆಸರು ಬಂದು ಚಾಪೆಯಗಲ ಕೂತಾಗ ಖಮೀಸಾ ಅದರ ಮೇಲೆ ಉದ್ದಕ್ಕೆ ಮಲಗಿ ನಕ್ಕದ್ದನ್ನು ಬೆಲ್ಗಾಸೆಮ್ ಕಂಡಿದ್ದ. ಯಾರಿಗೂ ಹೇಳಿರಲಿಲ್ಲ. ಆಮೇಲೆ ಆ ಕೆಸರಿಗೆ ಅವಳು ತಾನೇ ಬುಟ್ಟಿ ಬುಟ್ಟಿ ಮಣ್ಣು ಸೇರಿಸಿದಳು, ಮಳೆ ತರುವುದನ್ನು ಕಾಯುವಷ್ಟು ತಾಳ್ಮೆ ಅವಳಿಗೆ ಇರಲಿಲ್ಲ.

ಎಲ್ಲಕ್ಕಿಂತ ಕೆಳಗಿನ ಒಡ್ಡು, ಅಣ್ಣನ ಹೊಲಕ್ಕೆ ತಾಗಿದ್ದು, ಏಳುವ ಹೊತ್ತಿಗೆ ಅವಳ ಕೂದಲು ನೆರೆತಿತ್ತು. ಕೋಡಿಗಲ್ಲು ಕೂರಿಸುವ ದಿನ ಗೊತ್ತುಮಾಡಿ ದಹ್ಬೀಯಾಳ ಮೂಲಕ ಅಣ್ಣನಿಗೆ ಹೇಳಿಕಳಿಸಿದಳು. ಬೆಳಿಗ್ಗೆಯೇ ರೊಟ್ಟಿ ಸುಟ್ಟು, ತನ್ನದೇ ಮರದ ಮೊದಲ ಎಣ್ಣೆ ಬಟ್ಟಲಿಗೆ ಸುರಿದು, ಒಣ ಅಂಜೂರ ಹರವಿ, ಚಹಾ ಕಾಯಿಸಿದಳು. ಚಹಾ ಆರಿತು. ಮತ್ತೆ ಕಾಯಿಸಿದಳು. ಬೆಲ್ಗಾಸೆಮ್ ಸಾಕ್ಷಿಗೆಂದು ಬಂದವನು ಹಸಿದು ರೊಟ್ಟಿಯ ಕಡೆ ನೋಡಿದರೆ "ಅಣ್ಣ ಬರ್ಲಿ" ಎನ್ನುತ್ತಿದ್ದಳು. ನೆರಳು ಹಳ್ಳದ ಆ ದಡಕ್ಕೆ ದಾಟಿತು. ಅಣ್ಣ ಬರಲಿಲ್ಲ.

ಅವಳು ಹೋಗಿ ಕಲ್ಲಿನ ಎಡ ತುದಿಗೆ ಬರಿಗಾಲಿಟ್ಟು ನಿಂತಳು. ಬಲ ತುದಿಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು.

"ಇಳಿ, ಖಮೀಸಾ. ಮೊಣಕಾಲೆತ್ತರಕ್ಕೆ ಕೂರ್ಸು, ಮುಗೀತು. ಬರ್ದೇ ಇದ್ದಿದ್ದು ಅವನ ತಪ್ಪು."

"ನೀನು ಮನೆಗೆ ಹೋಗು," ಎಂದಳು ಅವಳು. "ರೊಟ್ಟಿ ತಿಂದ್ಕೊಂಡು ಹೋಗು. ಎಷ್ಟೆತ್ತರಕ್ಕೆ ಕೂರಿಸಿದ್ಲು ಅಂತ ಯಾರಾದ್ರೂ ಕೇಳಿದ್ರೆ, ಹೋಗಿ ನೋಡ್ಕೊಳ್ಳಿ ಅನ್ನು. ಬಾಯಿಬಿಟ್ರೆ ನಿನ್ನ ಜೊತೆ ಮಾತಿಲ್ಲ."

*

ಕತ್ತೆ ಹಿಂದೆಮುಂದೆ ನೋಡದೆ ಹತ್ತುತ್ತಿತ್ತು. ಅದರ ಮೇಲೆ ದಾವ್, ಹಿಂದೆ ಪಿಕಾಸಿ ಹಿಡಿದ ನೂರಿ, ಅವನ ಹಿಂದೆ ಖಮೀಸಾಳ ಗುದ್ದಲಿ ಹೆಗಲಿಗೇರಿಸಿದ ಬೆಲ್ಗಾಸೆಮ್. ಹನಿ ದಪ್ಪಗಾಗುತ್ತಿತ್ತು. ಮೇಲೆ ಎಲ್ಲೋ ಗುಡುಗಿತು.

ಮೊದಲು ಸಿಕ್ಕಿದ್ದು ದಾವ್‌ನ ಸ್ವಂತ ಹೊಲ. ಒಣಗಿದ ಬೊಡ್ಡೆಗಳು, ನಡುವೆ ಬಿರುಕುಬಿಟ್ಟ ನೆಲ. ಒಡ್ಡು ಒಂದು ಕಡೆ ಕುಸಿದು ಆಳೆತ್ತರದ ಕಂಡಿ ಬಿದ್ದಿತ್ತು. ಆ ಕಂಡಿಯ ಪಕ್ಕ ಕಲ್ಲುಗಳ ರಾಶಿ ಇತ್ತು. ಸುಮ್ಮನೆ ಬಿದ್ದ ರಾಶಿಯಲ್ಲ. ದೊಡ್ಡದು ಒಂದು ಕಡೆ, ನಡುವಿನದು ಒಂದು ಕಡೆ, ಚಕ್ಕೆ ಒಂದು ಕಡೆ. ಕೆಳಗಿನ ಕಲ್ಲುಗಳ ಸುತ್ತ ಹುಲ್ಲು ಬೆಳೆದು ಒಣಗಿ ಮತ್ತೆ ಬೆಳೆದಿತ್ತು.

"ಇದ್ಯಾರು ತಂದು ಒಟ್ಟಿದ್ದು?" ಎಂದ ದಾವ್.

"ಇನ್ಯಾರು."

"ಇಷ್ಟು ತಂದೋಳು ಕಟ್ಟೋಕೇನಾಗಿತ್ತು?"

"ನಿನ್ನ ಒಡ್ಡು. ಕೇಳ್ದೆ ಮುಟ್ಟಲ್ಲ ಅಂದ್ಲು," ಎಂದ ಬೆಲ್ಗಾಸೆಮ್. "ನೀರು ಅಲ್ಲಿ ಸೋರಿ ಹೋಗೋದು ನೋಡಿದಾಗೆಲ್ಲ ನಿಂಗೆ ಬೈಕೊಂಡು ಎರಡು ಕಲ್ಲು ತಂದಿಡೋಳು. ನಿಂಗೆ ಎಷ್ಟು ಬೈದಿದಾಳೆ ಅಂತ ಈ ರಾಶಿ ನೋಡಿದ್ರೆ ಗೊತ್ತಾಗತ್ತೆ."

"ಯಾವ ನೀರು? ನನ್ನ ಹೊಲಕ್ಕೆ ನೀರೆಲ್ಲಿ ಬಂತು?"

ಬೆಲ್ಗಾಸೆಮ್ ಗುದ್ದಲಿಯಿಂದ ಮುಂದಿನ ದಾರಿ ತೋರಿಸಿದ. ಕತ್ತೆ ಬಂಡೆಯ ತಿರುವು ದಾಟಿತು.

ನೂರಿ ನಿಂತುಬಿಟ್ಟ. ಅವನ ಕೈಯಿಂದ ಪಿಕಾಸಿ ತಾನಾಗಿ ಕೆಳಗಿಳಿಯಿತು. ಹಳ್ಳದ ತಲೆಯವರೆಗೂ ಒಡ್ಡಿನ ಮೇಲೊಂದು ಒಡ್ಡು ಏರಿಕೊಂಡು ಹೋಗಿತ್ತು. ಪ್ರತಿ ಒಡ್ಡಿನ ಬೆನ್ನಿಗೂ ಒಂದು ಹೊಲ. ಆಲಿವ್, ಅಂಜೂರ, ಬಾದಾಮಿ, ನಡುನಡುವೆ ಖರ್ಜೂರದ ಎಳೆ ಮರಗಳು. ಮೋಡದ ಕೆಳಗೆ ಆ ಹಸಿರು ಕಪ್ಪಾಗಿ ಹೊಳೆಯುತ್ತಿತ್ತು. ಸುತ್ತ ಬೆಟ್ಟವೆಲ್ಲ ಬೋಳು. ಕುರಿ ಕಾಯುವವರು ಇದನ್ನು ನೋಡಿ ಬಂದು ಹೇಳಿದ್ದರು, ಊರು ಅರ್ಧ ನಂಬಿತ್ತು, ಅರ್ಧ ನಕ್ಕಿತ್ತು. ಈಗ ನೋಡಿದರೆ ಅವರು ಹೇಳಿದ್ದೇ ಅರ್ಧ. ಈ ಮಣ್ಣಷ್ಟೂ, ಈ ಗೋಡೆಯಷ್ಟೂ ಒಂದು ಭುಜದ ಮೇಲೆ ಬಂದದ್ದು ಎಂದು ಲೆಕ್ಕ ಹಾಕಲು ಹೋಗಿ ನೂರಿಗೆ ತಲೆ ತಿರುಗಿತು.

"ಒಬ್ಬಳೇನಾ?" ಎಂದ, ಪಿಸುಮಾತಿನಲ್ಲಿ.

"ಒಬ್ಬಳೇ. ನಾನು ಬೈಯ್ತಿದ್ದೆ."

ನೂರಿ ಹೊಲಕ್ಕೆ ಕಾಲಿಡಲು ಹೋಗಿ ಹಿಂದಕ್ಕೆ ತೆಗೆದ. ಹರಗಿದ ಮಣ್ಣು ಹಿಟ್ಟಿನಷ್ಟು ನುಣ್ಣಗಿತ್ತು, ಅದರ ಮೇಲೆ ನಿನ್ನೆಯ ಹೆಜ್ಜೆಗಳಿದ್ದವು. ಸಣ್ಣ ಪಾದ, ಬೆರಳು ಅಗಲಿಸಿದ ಬರಿಗಾಲು. ಒಂದು ಮರದಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿ ನಿಂತು, ಅಂಜೂರದ ಕಡೆಗೆ ತಿರುಗಿದ್ದವು. ಅಲ್ಲಿಂದ ವಾಪಸು ಬಂದಿರಲಿಲ್ಲ. ಅಂಜೂರದ ಬುಡದಿಂದ ಹೊರಟದ್ದು ಬೆಲ್ಗಾಸೆಮ್‌ನ ಬೂಟಿನ ಗುರುತು, ಕತ್ತೆಯ ಗೊರಸು. ನೂರಿ ಯಾರೂ ಹೇಳದೆಯೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಮೂವರೂ ಹೊಲದ ಅಂಚು ಹಿಡಿದು ಸುತ್ತಿ ಹೋದರು.

ದಾವ್ ಕೋಡಿಯ ಹತ್ತಿರ ಕತ್ತೆಯಿಂದ ಇಳಿದ. ಅವನಿಗೆ ಕಣ್ಣು ಮಂಜು, ಹೊಲವನ್ನು ಕಂಡನೋ ಇಲ್ಲವೋ. ಅವನು ಬಂದದ್ದು ಈ ಕಲ್ಲು ನೋಡಲಿಕ್ಕೆ. ಹೊಲದ ಮಣ್ಣಿನ ಮೇಲೆ ನಿಂತು ಕಲ್ಲಿಗೆ ಕಾಲು ಒತ್ತಿ ಅಳೆದ. ಕಲ್ಲು ಅವನ ಮೊಣಕಾಲಿಗೆ ಬರಲಿಲ್ಲ. ಮೀನಖಂಡದ ನಡುವಿಗೆ ನಿಂತಿತು. ಹೂಳು ಏರಿರಬೇಕು ಎಂದುಕೊಂಡು ಬಾಗಿ ಕೈಯಿಂದ ಕೆರೆದ. ಹೂಳಲ್ಲ. ಪಕ್ಕದ ಗೋಡೆಯಲ್ಲಿ, ಮೊಣಕಾಲೆತ್ತರಕ್ಕೆ ಸರಿಯಾಗಿ, ಎರಡೂ ಕಡೆ ಕಲ್ಲು ಕೂರಲು ಕೊರೆದ ಗೂಡು ಇತ್ತು. ಖಾಲಿ ಇತ್ತು.

"ಇದೇನು?" ಎಂದ ದಾವ್. "ಇದು ಕಮ್ಮಿ ಇದೆ. ಗೇಣು ಕಮ್ಮಿ ಇದೆ."

"ಹೌದು."

"ಯಾಕೆ?"

ಈಗ ಹೇಳಬಹುದು ಎಂದು ಬೆಲ್ಗಾಸೆಮ್‌ಗೆ ಅನ್ನಿಸಿತು. ಬಂದು ನೋಡಿಯಾಯಿತಲ್ಲ. "ನೀನು ಬರ್ಲಿಲ್ವಲ್ಲ. ಅಣ್ಣ ಕಾಲಿಡದೆ ಮೊಣಕಾಲು ಏರಿಸಿದ್ರೆ ಕದ್ದಂಗಾಗತ್ತೆ ಅಂದ್ಲು. ಅನುಮಾನ ಇಲ್ಲದಷ್ಟು ಮಾತ್ರ ನಂದು ಅಂದ್ಲು. ನೀನು ಬಂದು ನಿಂತ ದಿನ ಕಲ್ಲು ಎತ್ತಿ ಆ ಗೂಡಿಗೆ ಕೂರಿಸೋದು ಅಂತ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಗೂಡನ್ನ ಗುಡಿಸೋಳು, ಜೇಡ ಕಟ್ಟಿರತ್ತೆ ಅಂತ."

"ಹಾಗಾದ್ರೆ ಅಷ್ಟೂ ವರ್ಷದ ನೀರು…"

"ನಿನ್ನ ಹೊಲಕ್ಕೇ ಬಿಟ್ಟಿದ್ದು. ನಿನ್ನ ಕಂಡೀಲಿ ಸೋರಿ ಹೋಯ್ತು."

ದಾವ್ ಒದ್ದೆ ಮಣ್ಣಿನ ಮೇಲೆ ಕುಸಿದು ಕೂತ. ಅಷ್ಟರಲ್ಲಿ ಹಳ್ಳದ ತಲೆಯಿಂದ ಸದ್ದು ಬಂತು, ದೂರದಲ್ಲಿ ಲಾರಿ ಕಲ್ಲು ಸುರಿದಂತೆ.

"ಅಪ್ಪ! ಬಂತು!" ನೂರಿ ಬೆಲ್ಗಾಸೆಮ್‌ನ ಹೆಗಲಿಂದ ಗುದ್ದಲಿ ಕಿತ್ತುಕೊಂಡು ಅಪ್ಪನ ಕೈಗೆ ತುರುಕಿದ. "ಒಂದೇ ಏಟು ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ!"

ದಾವ್ ಗುದ್ದಲಿ ಊರಿಕೊಂಡು ಎದ್ದ. ವಯಸ್ಸಿಗೆ ಬತ್ತಿದ ಅವನ ಬೆರಳುಗಳು ಕಾವಿನ ಆ ಎರಡು ತಗ್ಗುಗಳಿಗೆ ಹೋಗಿ ಕೂತವು. ಅವನು ಕಾವನ್ನು ನೋಡಿದ. ಗೂಡನ್ನು ನೋಡಿದ.

"ಹಾಕಲ್ಲ," ಎಂದ.

"ನನ್ನ ಮನೆ ಅಪ್ಪ! ಹೆಂಡ್ತಿ ಮಕ್ಕಳು ಅಲ್ಲಿದಾರೆ!"

"ಫೋನ್ ಮಾಡು. ಎಲ್ಲರನ್ನೂ ಸ್ಮಶಾನದ ದಿಬ್ಬಕ್ಕೆ ಹತ್ತಿಸು. ಮನೆ ಹೋದ್ರೆ ಇನ್ನೊಂದು ಕಟ್ಸೋಣ. ಇದನ್ನ ಇನ್ಯಾರು ಕಟ್ತಾರೆ?"

ನೂರಿ ಫೋನ್ ಹಿಡಿದು ಕಿರುಚಿದ. ಮೂವರೂ ದಡದ ಬಂಡೆಗೆ ಹತ್ತಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

ಕೆಂಪು ನೀರು ಮುಳ್ಳು, ಕಲ್ಲು, ನೊರೆ ಹೊತ್ತುಕೊಂಡು ಬಂದು ಎಲ್ಲಕ್ಕಿಂತ ಮೇಲಿನ ಒಡ್ಡಿಗೆ ಬಡಿಯಿತು. ಬಡಿತ ಅವರ ಕಾಲಿನ ಕೆಳಗಿನ ಬಂಡೆಗೂ ತಿಳಿಯಿತು. ಗೋಡೆ ನಿಂತಿತು. ನೀರು ಹಿಂದಕ್ಕೆ ಹೊರಳಿ, ಸುತ್ತಿ, ಹೊಲದ ತುಂಬ ಹರಡಿ, ಮರಗಳ ಕಾಲು ಮುಚ್ಚಿ, ಕೋಡಿಗೆ ಬಂದು ಇಳಿಯಿತು. ಎರಡನೆಯದಕ್ಕೆ ಬಂದಾಗ ಅದರ ಆರ್ಭಟ ಅರ್ಧವಾಗಿತ್ತು. ಆಮೇಲಿನದಕ್ಕೆ ಇನ್ನೂ ಕಡಿಮೆ. ಒಡ್ಡಿನಿಂದ ಒಡ್ಡಿಗೆ ಆ ಮದವೇರಿದ ನೀರು ಹದಕ್ಕೆ ಬರುತ್ತಿರುವುದನ್ನು ನೋಡುತ್ತ ಬೆಲ್ಗಾಸೆಮ್ ಬಾಯಿ ತೆರೆದುಕೊಂಡೇ ನಿಂತಿದ್ದ. ಜೀವಮಾನವೆಲ್ಲ ಗೋಡೆ ಕಟ್ಟಿದವನು ಅವನು. ಈ ಕಲ್ಲುಗಳನ್ನು ಒಂದೊಂದಾಗಿ ಬೈದವನು. ಆದರೂ ಅವನ ಮೈಮೇಲೆ ಮುಳ್ಳೆದ್ದಿತು.

"ದೇವರು ದೊಡ್ಡವನು," ಎಂದ. "ಅಯ್ಯೋ ಖಮೀಸಾ. ನೋಡೋಕೆ ಇರ್ಬೇಕಿತ್ತು ಕಣೇ."

ಕೊನೆಯ ಹೊಲಕ್ಕೆ ನೀರು ಇಳಿದು ಹೆಜ್ಜೆಗುರುತುಗಳನ್ನು ಒಂದೊಂದಾಗಿ ಮುಚ್ಚಿತು. ಏರಿತು. ಕೋಡಿಗಲ್ಲನ್ನು ತಲುಪಿ, ಒಂದು ಕ್ಷಣ ಅದರ ಅಂಚಿನಲ್ಲಿ ತುಂಬಿ ನಿಂತು, ಆಮೇಲೆ ಕಲ್ಲಿನಗಲಕ್ಕೂ ಒಂದೇ ಸಮ ಕೆಳಗೆ ಹರಿಯಿತು. ಗೋಡೆಯಿಂದ ಒಂದು ಚಕ್ಕೆಯೂ ಕದಲಲಿಲ್ಲ.

ಫೋನ್ ಬಂತು. ನೂರಿ ಕಿವಿಗಿಟ್ಟುಕೊಂಡು ಕೇಳಿದ, ಮತ್ತೆ ಕೇಳಿದ. ಅವನ ಮುಖದ ಮೇಲೆ ಇದ್ದದ್ದು ಮಳೆಯೋ ಕಣ್ಣೀರೋ ಗೊತ್ತಾಗುತ್ತಿರಲಿಲ್ಲ.

"ನೀರು ಮನೆ ಮೆಟ್ಟಿಲಿಗೂ ಬಂದಿಲ್ವಂತೆ," ಎಂದ.

ದಾವ್ ಆಗಲೇ ಬಂಡೆಯಿಂದ ಇಳಿಯುತ್ತಿದ್ದ. ಬೂಟು ಕಳಚಿ ಬಂಡೆಯ ಮೇಲಿಟ್ಟ, ಜನಾಜಕ್ಕೆಂದು ಹಾಕಿದ್ದ ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ.

"ಅಪ್ಪ, ಜಾರತ್ತೆ! ಎಲ್ಲಿಗೆ?"

"ಕೈ ಹಿಡ್ಕೊ." ಅವನು ಬೆಲ್ಗಾಸೆಮ್ ಕಡೆ ತಿರುಗಿದ. "ಅವತ್ತು ಅವಳು ಯಾವ ತುದೀಲಿ ನಿಂತಿದ್ಲು?"

"ಎಡಕ್ಕೆ."

ದಾವ್ ಕೋಡಿಯ ಬಲ ತುದಿಗೆ ಹೋದ. ನೂರಿ ದಡದಿಂದ ಅವನ ತೋಳು ಗಟ್ಟಿಯಾಗಿ ಹಿಡಿದಿದ್ದ. ಮುದುಕ ಬಿಸ್ಮಿಲ್ಲಾ ಎಂದು ನೀರೊಳಗೆ ಕಾಲಿಳಿಸಿ, ಕಲ್ಲು ಸಿಗುವವರೆಗೆ ತಡವಿ, ಪಾದವನ್ನು ಅದರ ಮೇಲೆ ಊರಿದ. ಇನ್ನೂ ಸ್ವಲ್ಪ ಅಂಚಿಗೆ ಸರಿದು ಎಡಗಡೆಗೆ ಜಾಗ ಬಿಟ್ಟ. ಕೆಂಪು ನೀರು ಅವನ ಪಾದದ ಮೇಲಿಂದಲೂ ಆ ಖಾಲಿ ಜಾಗದ ಮೇಲಿಂದಲೂ ಹಾದು ಕೆಳಗಿನ ಹೊಲಕ್ಕೆ ಇಳಿಯುತ್ತಿತ್ತು.